ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟರೆ ಮನೆಯ ಊಟಕ್ಕೆ ತೊಂದರೆ ಆದೀತೇ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬ್ಡಾಜೆ ಪಂಚಾಯತು. ಅತ್ತೆ, ಯಜಮಾನರು, ನಾನು, ಮೈದುನ, ಎರಡು ಮಕ್ಕಳು, ಒಟ್ಟು ಆರು ಜನ. ಎರಡು ಎಕರೆ ಹಳೆಯ ಅಡಿಕೆ ತೋಟ ಇದೆ. ಅದರ ಕೆಳಗೆ ತೋಡಿನ ಬದಿಗೆ ಒಂದೂಕಾಲು ಎಕರೆ ಬೈಲು ಗದ್ದೆ. ಆಳು ಸಿಗದೆ ಎರಡು ವರ್ಷದಿಂದ ಗದ್ದೆ ಪಾಳು ಬಿದ್ದಿದೆ. ಮಣ್ಣು ತುಂಬಿಸಿ ಅಡಿಕೆ ಸಸಿ ಇಡೋಣ, ಅಕ್ಕಿ ಅಂಗಡಿಯಿಂದ ತಂದರಾಯಿತು ಎನ್ನುತ್ತಾನೆ ಮೈದುನ. ಅತ್ತೆಗೆ ಗದ್ದೆ ಮುಟ್ಟುವುದೇ ಬೇಡ. ನಮ್ಮದು ಬಿಳಿ ರೇಶನ್ ಕಾರ್ಡು. ಊಟದ ಭದ್ರತೆಯ ದೃಷ್ಟಿಯಿಂದ ಯಾರು ಹೇಳುವುದು ಸರಿ? ಲೆಕ್ಕ ಹಾಕಿ ಹೇಳುವಿರಾ?

ಉತ್ತರ: ಅಕ್ಕಿಯ ಲೆಕ್ಕ ಮಾತ್ರ ನೋಡಿದರೆ ನಿಮ್ಮ ಮೈದುನ ಗೆಲ್ಲುತ್ತಾರೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಯಾಕೆಂದರೆ ನಮ್ಮೂರಿನಲ್ಲಿ ಈ ಚರ್ಚೆ ಬಂದಾಗಲೆಲ್ಲ ಹಿರಿಯರು ಅಕ್ಕಿಯ ಪರವಾಗಿ ವಾದ ಹೂಡಿ, ಕಿರಿಯರ ಕ್ಯಾಲ್ಕ್ಯುಲೇಟರಿನ ಎದುರು ಸೋತು, ಕೊನೆಗೆ ಜೆಸಿಬಿ ಬರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚಿಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ ಸಾಕು. ಮಕ್ಕಳನ್ನೂ ಅದೇ ಲೆಕ್ಕದಲ್ಲಿ ಹಿಡಿದರೂ ಆರು ಜನಕ್ಕೆ ದಿನಕ್ಕೆ ಒಂದೂವರೆ ಕಿಲೋ, ವರ್ಷಕ್ಕೆ 550 ಕಿಲೋದ ಹತ್ತಿರ. ಮುಡಿಗೆ ನಲವತ್ತು ಕಿಲೋ ಎಂದಿಟ್ಟುಕೊಂಡರೆ ಅತ್ತೆಯವರ ಕಾಲದ ಲೆಕ್ಕದಲ್ಲಿ ಹದಿನಾಲ್ಕು ಮುಡಿಯಷ್ಟು. ಭತ್ತ ಕುಚ್ಚಿ ಮಿಲ್ಲಿಗೆ ಹಾಕಿದರೆ ನೂರಕ್ಕೆ ಅರುವತ್ತೈದು ಕಿಲೋ ಅಕ್ಕಿ ಕೈಗೆ ಬರುತ್ತದೆ, ಆದ್ದರಿಂದ 840 ಕಿಲೋ ಭತ್ತ ಬೇಕು. ನಮ್ಮ ಬೈಲಿನಲ್ಲಿ ಏಣೆಲು (ಮಳೆಗಾಲದ) ಬೆಳೆ ಎಕರೆಗೆ ಹತ್ತು ಕ್ವಿಂಟಲ್ ಕೊಟ್ಟರೆ ಸಮಾಧಾನ ಪಡಬೇಕು. ಅಂದರೆ ನಿಮ್ಮ ಗದ್ದೆಯಲ್ಲಿ ಎಂಬತ್ತೈದು ಸೆಂಟ್ಸ್ ಒಂದು ಬೆಳೆ ಬೆಳೆದರೆ ವರ್ಷದ ಅನ್ನ ಆಯಿತು.

ಆದರೆ ಅದರ ಖರ್ಚು? ನೇಜಿ (ಭತ್ತದ ಸಸಿ) ಕಿತ್ತು ಕೈಯಲ್ಲಿ ನೆಟ್ಟು, ಕೈಯಲ್ಲೇ ಕೊಯ್ದು ಬಡಿದರೆ ಎಕರೆಗೆ ಮೂವತ್ತೈದು ನಲವತ್ತು ಆಳು ಹಿಡಿಯುತ್ತದೆ. ಉಳುಮೆ, ಗೊಬ್ಬರ, ಮಿಲ್ಲಿನ ಬಾಡಿಗೆ ಸೇರಿದರೆ ಎಕರೆಗೆ ಮೂವತ್ತು ಸಾವಿರ ದಾಟುತ್ತದೆ. ಸಿಗುವುದು 650 ಕಿಲೋ ಅಕ್ಕಿ. ಕಿಲೋಗೆ ಬೀಳುವ ಕ್ರಯ ಅಂಗಡಿಯ ಕುಚ್ಚಿಲಕ್ಕಿಯ ಕ್ರಯಕ್ಕಿಂತ ಕಡಿಮೆಯೇನೂ ಅಲ್ಲ. ಬೈಹುಲ್ಲು ಮಾತ್ರ ಮೇಲುಳಿಕೆ. ಭತ್ತವನ್ನೇ ಮಾರುವುದಾದರೂ ದೊಡ್ಡ ಲಾಭವಿಲ್ಲ: 2022–23ರಲ್ಲಿ ಸರಕಾರದ ಖರೀದಿ ಸಂಸ್ಥೆ ಸಪ್ಲೈಕೋ ಕಿಲೋ ಭತ್ತಕ್ಕೆ ಕೊಟ್ಟದ್ದು 28 ರೂಪಾಯಿ 20 ಪೈಸೆ. ಅದೇ ಜಾಗದಲ್ಲಿ ಒಂಬತ್ತು ಅಡಿಗೊಂದರಂತೆ ಅಡಿಕೆ ಇಟ್ಟರೆ ಎಕರೆಗೆ ಐನೂರೈವತ್ತು ಮರ. ಮರಕ್ಕೆ ಒಂದೂವರೆ ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ), ಕಿಲೋಗೆ ನಾನ್ನೂರು ರೂಪಾಯಿ ಎಂದರೂ ಮೂರು ಲಕ್ಷದ ಮೇಲೆ. ಭತ್ತ ಇದರ ಹತ್ತಿರ ಸುಳಿಯುವುದಿಲ್ಲ.

ಅನ್ನದ ವಿಷಯದಲ್ಲಿ ಕೇರಳದ ಮನೆಗಳು ಗದ್ದೆಯನ್ನು ನಂಬುವುದನ್ನು ಬಿಟ್ಟು ಬಹಳ ಕಾಲವೂ ಆಯಿತು. 1970ರ ದಶಕದ ನಡುವೆ ರಾಜ್ಯದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತದ ಬೇಸಾಯ ಇತ್ತು. ಈಗ ಎರಡು ಲಕ್ಷದ ಒಳಗೆ ಬಂದಿದೆ. ಉಣ್ಣುವ ಅಕ್ಕಿಯಲ್ಲಿ ಐದನೇ ಒಂದು ಪಾಲೂ ಇಲ್ಲಿ ಬೆಳೆಯುವುದಿಲ್ಲ. ಹಾಗೆಂದು ಹಸಿವು ಹೆಚ್ಚಿಲ್ಲ, ಕಡಿಮೆಯಾಗಿದೆ. 1960ರ ದಶಕದ ನಡುವಿನಿಂದ ಊರೂರಿಗೆ ಬಂದ ರೇಶನ್ ಅಂಗಡಿ ಅದಕ್ಕೆ ದೊಡ್ಡ ಕಾರಣ. 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋಗಿ ಒಕ್ಕಲುಗಳಿಗೆ ಭೂಮಿ ಸಿಕ್ಕಿದ್ದು, ಕುಡಿಕಿಡಪ್ಪಿನವರಿಗೆ (ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿ ಇದ್ದವರಿಗೆ) ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸಿನ ಹಕ್ಕು ಬಂದದ್ದು ಇನ್ನೊಂದು. ಆಮೇಲೆ ಬೀಡಿ, ಗಲ್ಫು, ರಬ್ಬರು. ಆಟಿಯಲ್ಲಿ (ಜುಲೈ ಆಗಸ್ಟಿನ ಮಳೆ ತಿಂಗಳಲ್ಲಿ) ಕೆಸು, ಚಗತೆ ಸೊಪ್ಪು, ಹಲಸಿನ ಬೀಜ ತಿಂದು ದಿನ ದೂಡಿದ್ದನ್ನು ಈಗ ನಾವು ಹಬ್ಬದ ಹಾಗೆ ಆಚರಿಸುತ್ತೇವೆ. ನಿಮ್ಮ ಅತ್ತೆಯವರ ತಾಯಿಯನ್ನು ಕೇಳಿದ್ದರೆ ಅದರಲ್ಲಿ ಹಬ್ಬ ಏನಿತ್ತು ಎಂದು ಹೇಳುತ್ತಿದ್ದರು.

ಇಷ್ಟು ಮೈದುನನ ಪರ. ಇನ್ನು ಅದೇ ಆಹಾರ ಸೂಚಿಯ ಉಳಿದ ಸಾಲುಗಳನ್ನು ಓದೋಣ. ದಿನಕ್ಕೆ ತರಕಾರಿ, ಸೊಪ್ಪು ಸೇರಿ 400 ಗ್ರಾಂ. ಬೇಳೆಕಾಳು, ಮೀನು, ಮೊಟ್ಟೆ, ಮಾಂಸ ಒಟ್ಟು ಸೇರಿ 85 ಗ್ರಾಂ. ಹಣ್ಣು 100 ಗ್ರಾಂ, ಹಾಲು 300 ಮಿಲಿ. ನಿಮ್ಮ ಆರು ಜನಕ್ಕೆ ವರ್ಷಕ್ಕೆ 875 ಕಿಲೋ ತರಕಾರಿ ಬೇಕು, ಅಕ್ಕಿಯ ಒಂದೂವರೆ ಪಾಲಿಗಿಂತಲೂ ಹೆಚ್ಚು. ಕಿಲೋಗೆ ಸರಾಸರಿ ಐವತ್ತು ರೂಪಾಯಿ ಹಿಡಿದರೆ ನಲವತ್ತಮೂರು ಸಾವಿರದ ಮೇಲೆ. ಅಂಗಡಿ ಅಕ್ಕಿಗೆ ಅದೇ ಐವತ್ತು ಹಿಡಿದರೆ ಇಪ್ಪತ್ತೇಳು ಸಾವಿರ. ಬೇಳೆಕಾಳಿನ ಲೆಕ್ಕಕ್ಕೆ ಸೇರುವುದು 186 ಕಿಲೋ.

ನಿಮ್ಮ ಮನೆಗೆ ಮುಖ್ಯವಾದದ್ದು ಈ ಸಾಲು. ಗದ್ದೆ ಹೋದ ಮನೆಯಲ್ಲಿ ಅನ್ನ ತಪ್ಪುವುದಿಲ್ಲ, ಅನ್ನದ ಜೊತೆಗೆ ಬಡಿಸುವ ಪದಾರ್ಥ ತೆಳ್ಳಗಾಗುತ್ತದೆ. ರೇಶನ್ ಅಂಗಡಿಯ ಯಂತ್ರಕ್ಕೆ ಬೆರಳು ಒತ್ತಿದರೆ ಅಕ್ಕಿ ಬರುತ್ತದೆ, ಅಲಸಂಡೆ ಬರುವುದಿಲ್ಲ. ತರಕಾರಿಗೆ ಎಂದು ಬೇರೆ ದುಡ್ಡು ಎತ್ತಿಡುವ ಅಭ್ಯಾಸ ನಮ್ಮ ಕೃಷಿ ಮನೆಗಳಲ್ಲಿ ಇಲ್ಲ. ಹಿಂದೆ ಅದಕ್ಕೆ ದುಡ್ಡು ಕೊಟ್ಟೇ ಗೊತ್ತಿರಲಿಲ್ಲವಲ್ಲ. ಹಾಗಾಗಿ ದುಡ್ಡಿಗೆ ತಡೆ ಬಂದ ತಿಂಗಳು ಮೊದಲು ಕೈ ಬಿಡುವುದು ಅದನ್ನೇ. ಎರಡು ಬೀನ್ಸು, ಒಂದು ಬಟಾಟೆ, ಉಳಿದದ್ದು ಉಪ್ಪಿನಕಾಯಿ. ಹೊಟ್ಟೆ ತುಂಬಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಿಮೋಗ್ಲೋಬಿನ್ ನೋಡಿದಾಗ ಹೆಂಗಸರಿಗೆ ಮತ್ತು ಮಕ್ಕಳಿಗೆ ಗೊತ್ತಾಗುತ್ತದೆ.

ಗದ್ದೆಯೆಂದರೆ ಭತ್ತ ಮಾತ್ರವೇ ಎಂದು ಲೆಕ್ಕ ಹಾಕಿದ್ದು ಇಲ್ಲಿನ ಮುಖ್ಯ ತಪ್ಪು. ಏಣೆಲು ಕೊಯ್ದ ಮೇಲೆ ಮಜಲಿನಲ್ಲಿ (ನಡುಮಟ್ಟದ ಗದ್ದೆಯಲ್ಲಿ) ಉದ್ದು, ಹೆಸರು, ಎಳ್ಳು, ಅಲಸಂಡೆ. ನೀರಿದ್ದಲ್ಲಿ ಸುಗ್ಗಿ ಎಂಬ ಎರಡನೇ ಭತ್ತದ ಬೆಳೆ, ಇನ್ನೂ ತಗ್ಗಿನಲ್ಲಿ ಕೊಳಕೆ ಎಂಬ ಮೂರನೆಯದು. ಬೈಲಿನ ಒಂದು ಮೂಲೆಯಲ್ಲಿ ತಪ್ಪದೆ ನೆಟ್ಟಿಕಾಯಿ (ತರಕಾರಿ). ಅತ್ತೆಗೆ ಕೇಳಿ ನೋಡಿ, ವಿವರ ಹೇಳುತ್ತಾರೆ: ನವಂಬರಿನಲ್ಲಿ ಗದ್ದೆಯ ತೇವ ಆರುವ ಮೊದಲು ಸಾಲು ಎತ್ತುವುದು, ತರಗೆಲೆ ಸೇರಿಸಿ ಸುಟ್ಟ ಸುಡುಮಣ್ಣನ್ನು ಗುಳಿಗೆ ಹಾಕುವುದು, ಗದ್ದೆಯಲ್ಲೇ ತೋಡಿದ ಹೊಂಡದಿಂದ ಕೊಡಪಾನದಲ್ಲಿ ನೀರು ಹೊಯ್ಯುವುದು. ಸೌತೆ, ಕುಂಬಳ, ಹರಿವೆ, ಬೆಂಡೆ, ಹೀರೆ. ಫೆಬ್ರವರಿ ಮಾರ್ಚಿನಲ್ಲಿ ಬಲಿತ ಸೌತೆಯನ್ನು ಬಾಳೆಯ ಹಗ್ಗದಲ್ಲಿ ಕಟ್ಟಿ ಅಟ್ಟದ ಕೆಳಗೆ ಸಾಲಾಗಿ ತೂಗಹಾಕಿದರೆ ಅದು ಆಟಿಯವರೆಗೆ ಬರುತ್ತಿತ್ತು. ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿಯಬಾರದು, ಹೊಗೆಯ ಶಾಖ ತಾಗುತ್ತಿರಬೇಕು. ಮಳೆಗಾಲದಲ್ಲಿ ಅಂಗಡಿಗೆ ಹೋಗದೆ ಹುಳಿ, ಬೋಳುಹುಳಿ, ಸಾಂಬಾರು ನಡೆದದ್ದು ಆ ಸಾಲಿನಿಂದ. ಹತ್ತು ಸೆಂಟ್ಸ್ ಜಾಗದಲ್ಲಿ ಸರಿಯಾಗಿ ಮಾಡಿದರೆ ನಾಲ್ಕೈದು ಕ್ವಿಂಟಲ್ ತರಕಾರಿ ಬರುತ್ತದೆ. ನಿಮ್ಮ ವರ್ಷದ ಬೇಡಿಕೆಯ ಅರ್ಧ ಅಲ್ಲಿಗೆ ಸರಿಹೋಯಿತು.

ಅಡಿಕೆ ತೋಟದ ನೆರಳಿನಲ್ಲಿ ಇದಾಗುವುದಿಲ್ಲ. ಕೆಸು, ಬಸಳೆ, ಬಾಳೆ ಒಂದಿಷ್ಟು ಬರಬಹುದು. ಸೌತೆಗೆ, ಅಲಸಂಡೆಗೆ ಬಿಸಿಲು ಬೇಕು. ಟೆರೇಸಿನ ಗ್ರೋಬ್ಯಾಗ್ ಚೆಂದಕ್ಕೆ ಆದೀತು, ಆರು ಜನರ ವರ್ಷದ ಪದಾರ್ಥಕ್ಕೆ ಆಗದು.

ಇನ್ನೊಂದು ಮಾತನ್ನು ನೇರವಾಗಿ ಹೇಳುತ್ತೇನೆ, ಪ್ರಶ್ನೆ ಕೇಳಿದವರು ನೀವಾದ್ದರಿಂದ. ಅಡಿಕೆಯ ದುಡ್ಡು ಯಜಮಾನರ ಖಾತೆಗೆ ಹೋಗುತ್ತದೆ. ಹರಿವೆ ಅಡುಗೆಮನೆಗೆ ಬರುತ್ತದೆ. ಆದಾಯ ನಾಲ್ಕು ಪಾಲು ಹೆಚ್ಚಿದ ಮನೆಯಲ್ಲೂ ತರಕಾರಿಗೆ ದುಡ್ಡು ಕೇಳಬೇಕಾದ ಸ್ಥಿತಿಗೆ ಬಂದ ಹೆಂಗಸರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನಿಮ್ಮ ಮನೆಯಲ್ಲಿ ಹಾಗಿಲ್ಲದಿದ್ದರೆ ಸಂತೋಷ. ಗದ್ದೆಯ ತೀರ್ಮಾನ ಮಾಡುವ ಮೊದಲು ಆ ಮಾತೂ ನಾಲ್ವರು ಕೂತಲ್ಲಿ ಬರಲಿ.

ಈಗ ಅಡಿಕೆಯ ಮೂರು ಲಕ್ಷವನ್ನು ಹತ್ತಿರದಿಂದ ನೋಡೋಣ. ಅದು ಮೊದಲ ವರ್ಷದಿಂದ ಬರುವುದಿಲ್ಲ. ಫಸಲು ಹಿಡಿಯಲು ಐದಾರು ವರ್ಷ, ಪೂರ್ತಿ ಬರಲು ಹತ್ತರ ಹತ್ತಿರ. ತೋಡಿನ ಬದಿಯ ಬೈಲಿನಲ್ಲಿ ಕಣಿ (ನೀರು ಬಸಿಯುವ ಕಾಲುವೆ) ಆಳ ತೆಗೆಯದಿದ್ದರೆ ಬೇರು ಕೊಳೆಯುತ್ತದೆ. ಎಷ್ಟು ಮಣ್ಣು ತುಂಬಿಸಿದರೂ ನೀರಿಗೆ ತನ್ನ ಹಳೆಯ ಮಟ್ಟ ಮರೆಯುವುದಿಲ್ಲ. ಜೂನಿನಿಂದ ಕೊಳೆರೋಗದ ಕಾಟ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸಿ ಎರಡು ಮೂರು ಸಲ ಬಿಡಬೇಕು. ಮಳೆ ಬಿಡದಿದ್ದರೆ, ಮರ ಹತ್ತುವವರು ಸಿಗದಿದ್ದರೆ ಅರ್ಧ ಫಸಲು ಅಂಗಳ ಸೇರುವುದಿಲ್ಲ. ಹಳದಿ ರೋಗಕ್ಕೆ ಇಂದಿಗೂ ಮದ್ದಿಲ್ಲ. ಎಲೆಚುಕ್ಕಿ ಬೇರೆ ಸೇರಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿತು. ಆ ಕತ್ತಿ ಇನ್ನೂ ತಲೆಯ ಮೇಲೆ ತೂಗುತ್ತಿದೆ. ಕ್ಯಾಂಪ್ಕೊದಂತಹ ಸಹಕಾರಿ ಸಂಸ್ಥೆ 1973ರಲ್ಲಿ ಹುಟ್ಟಿದ್ದೇ ಧಾರಣೆ ಬಿದ್ದು ಕೃಷಿಕರು ಕಂಗಾಲಾದಾಗ. 2000ದ ಆಸುಪಾಸಿನ ಕುಸಿತವನ್ನು ನಿಮ್ಮ ಯಜಮಾನರಿಗೆ ನೆನಪಿಸಿ, ಆಗ ಮನೆಯಲ್ಲಿ ಏನೇನು ಮಾರಿದರು ಎಂದು ಕೇಳಿ.

ರಬ್ಬರನ್ನೂ ಮರೆಯಬೇಡಿ. 2011ರಲ್ಲಿ ಕಿಲೋಗೆ 240 ರೂಪಾಯಿ ಮುಟ್ಟಿದಾಗ ಗೇರು ಕಡಿದು, ಗುಡ್ಡೆ ಬೋಳಿಸಿ ಗಿಡ ಇಟ್ಟವರು ಎಷ್ಟು ಜನ! ಆ ಗಿಡ ಹಾಲು ಕೊಡುವ ಮೊದಲೇ, 2016ರ ಆರಂಭದಲ್ಲಿ, ಕ್ರಯ ನೂರರ ಕೆಳಗೆ. ಏರಿದ ಧಾರಣೆ ನೋಡಿ ಇಟ್ಟ ಗಿಡಕ್ಕೆ ಯಾವ ಧಾರಣೆ ಸಿಗುತ್ತದೆ ಎಂಬುದು ಅದು ಬೆಳೆದ ಮೇಲಿನ ಸಂಗತಿ. ನಿಮಗೆ ಈಗಾಗಲೇ ಎರಡು ಎಕರೆ ಅಡಿಕೆ ಇದೆ. ಇನ್ನೊಂದೂಕಾಲು ಎಕರೆ ಸೇರಿಸಿದರೆ ಆದಾಯ ಹೆಚ್ಚುವುದರ ಜೊತೆಗೆ, ಮನೆಯ ಊಟ ಪೂರ್ತಿಯಾಗಿ ಒಂದೇ ಬೆಳೆಯ ಕೈಗೆ ಹೋಗುತ್ತದೆ.

ದುಡ್ಡು ಬರುವ ಹೊತ್ತನ್ನೂ ಗಮನಿಸಿ. ಕೊಯ್ಲು ನವಂಬರಿನಿಂದ ಮಾರ್ಚು. ಅಂಗಳದಲ್ಲಿ ಒಣಗಲು ನಲವತ್ತು ದಿನಕ್ಕೆ ಕಡಿಮೆಯಿಲ್ಲ, ಆಮೇಲೆ ಸುಲಿದು ಮಾರಾಟ. ಜೂನ್ ಬಂದಾಗ ಮಕ್ಕಳ ಫೀಸು, ಮದ್ದು ಬಿಡುವ ಖರ್ಚು, ಗೊಬ್ಬರ ಒಟ್ಟಿಗೇ ಬರುತ್ತವೆ. ಜುಲೈ ಆಗಸ್ಟಿನಲ್ಲಿ ಕೈ ಬರಿದು, ಮಾರುಕಟ್ಟೆಯಲ್ಲಿ ತರಕಾರಿ ದುಬಾರಿ. ಊಟದ ಭದ್ರತೆ ಪರೀಕ್ಷೆಯಾಗುವುದು ಆ ಎರಡು ತಿಂಗಳಲ್ಲಿ. ವರ್ಷದ ಆದಾಯ ಎಷ್ಟು ಎಂಬುದಕ್ಕಿಂತ ಆಟಿಯಲ್ಲಿ ಮನೆಯಲ್ಲಿ ಏನಿದೆ ಎಂಬುದನ್ನು ನಾನು ಮೊದಲು ಕೇಳುವುದು ಅದಕ್ಕೆ. ಸೆಪ್ಟಂಬರ್ ಕೊನೆಗೆ ಹೊಸ ಭತ್ತ ಬರುವ ಮನೆ ಆ ತಿಂಗಳುಗಳನ್ನು ಬೇರೆ ಧೈರ್ಯದಲ್ಲಿ ಕಳೆಯುತ್ತದೆ.

ರೇಶನ್ ವಿಷಯ. ಕೇರಳದಲ್ಲಿ ಆಹಾರ ಭದ್ರತಾ ಕಾನೂನು ಜಾರಿಗೆ ಬಂದದ್ದು 2016ರ ನವಂಬರಿನಲ್ಲಿ. ಆದ್ಯತೆಯ ಪಟ್ಟಿಯಲ್ಲಿರುವ ಹಳದಿ ಕಾರ್ಡಿಗೆ ತಿಂಗಳಿಗೆ ಮನೆಗೆ 35 ಕಿಲೋ, ಪಿಂಕ್ ಕಾರ್ಡಿಗೆ ತಲೆಗೆ ಐದು ಕಿಲೋ ಧಾನ್ಯ, 2023ರಿಂದ ಧಾನ್ಯಕ್ಕೆ ಕ್ರಯವಿಲ್ಲ. ಒಂದು ಎಕರೆಗಿಂತ ಹೆಚ್ಚು ಜಾಗ, ಸಾವಿರ ಚದರಡಿಗಿಂತ ದೊಡ್ಡ ಮನೆ, ಸ್ವಂತ ಉಪಯೋಗದ ಕಾರು, ಇದರಲ್ಲಿ ಒಂದಿದ್ದರೂ ಆದ್ಯತೆಯ ಪಟ್ಟಿಯಿಂದ ಹೊರಗೆ. ಮೂರೂಕಾಲು ಎಕರೆಯ ನಿಮಗೆ ಬಿಳಿ ಕಾರ್ಡೇ ಗತಿ. ಕಿಲೋಗೆ 10 ರೂಪಾಯಿ 90 ಪೈಸೆಯ ಅಕ್ಕಿ ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ. ಅದನ್ನು ನಂಬಿ ವರ್ಷದ ಯೋಜನೆ ಹಾಕಬೇಡಿ. ಸಪ್ಲೈಕೋದ ಮಾವೇಲಿ ಸ್ಟೋರಿನಲ್ಲಿ ಹದಿಮೂರು ಬಗೆಯ ಸಾಮಾನು ಸಬ್ಸಿಡಿಯಲ್ಲಿ ಕೊಡುತ್ತಾರೆ, ಉದ್ದು, ಹೆಸರು, ಕಡಲೆ, ತೊಗರಿ ಅದರಲ್ಲಿವೆ. ದಾಸ್ತಾನು ಬಂದ ದಿನ ಹೋಗಿ ತಂದಿಟ್ಟುಕೊಳ್ಳಿ.

2020ರ ಮಾರ್ಚು ಕೊನೆಗೆ ಏನಾಯಿತು ಎಂಬುದು ಗಡಿಯ ನಮಗೆ ಮರೆತಿರಲಾರದು. ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿ ಗಡಿ ಮುಚ್ಚಿತು. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತದ್ದು ಆ ಕಾಲದ ದೊಡ್ಡ ದುಃಖ, ತರಕಾರಿಯ ಮಾತು ಅದರ ಮುಂದೆ ಚಿಕ್ಕದು. ಆದರೂ ನೋಡಿದ್ದನ್ನು ಹೇಳಬೇಕು. ಸರಕಾರ ಎಲ್ಲ ಕಾರ್ಡಿನವರಿಗೂ ಅಕ್ಕಿ ಕೊಟ್ಟಿತು, ಸಾಮಾನಿನ ಕಿಟ್ ಕೊಟ್ಟಿತು, ಅಕ್ಕಿಗೆ ಯಾರೂ ಪರದಾಡಲಿಲ್ಲ. ಬರದೇ ಹೋದದ್ದು ಘಟ್ಟದ ಮೇಲಿನ ತರಕಾರಿ. ಆಗ ಹಲಸಿಗೂ ಜೀಗುಜ್ಜೆಗೂ ಬಾಳೆದಿಂಡಿಗೂ ಎಂತಹ ಮರ್ಯಾದೆ ಬಂತು!

ಇನ್ನು ಕಾನೂನು. ಇದನ್ನು ಮೊದಲೇ ಹೇಳಿದ್ದರೆ ಉಳಿದದ್ದನ್ನು ನೀವು ಓದುತ್ತಿರಲಿಲ್ಲವೇನೋ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾನೂನಿನ ಪ್ರಕಾರ ಗದ್ದೆಗೆ ಮಣ್ಣು ತುಂಬಿಸುವುದು ಅಪರಾಧ. ದಂಡ, ಜೈಲು ಎರಡೂ ಇದೆ, ಮಣ್ಣು ತಂದ ಲಾರಿಯನ್ನೂ ಹಿಡಿಯುತ್ತಾರೆ. "ಎರಡು ವರ್ಷದಿಂದ ಪಾಳು, ಇನ್ನೇನು ಗದ್ದೆ" ಎಂಬ ವಾದ ನಡೆಯುವುದಿಲ್ಲ. ಬೇಸಾಯಕ್ಕೆ ಯೋಗ್ಯವಾಗಿದ್ದು ಪಾಳು ಬಿಟ್ಟದ್ದೂ ಕಾನೂನಿನ ಕಣ್ಣಿಗೆ ಗದ್ದೆಯೇ. ನಿಮ್ಮ ಸರ್ವೆ ನಂಬ್ರ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಸರಕಾರಿ ಪಟ್ಟಿಯಲ್ಲಿ) ಇದೆಯೇ ಎಂದು ಕೃಷಿಭವನದಲ್ಲಿ ಕೇಳಿ. ತಪ್ಪಾಗಿ ಸೇರಿದ್ದರೆ ತೆಗೆಸಲು ಆರ್‌ಡಿಒಗೆ (ಕಂದಾಯ ವಿಭಾಗಾಧಿಕಾರಿಗೆ) ಅರ್ಜಿ ಹಾಕುವ ದಾರಿ ಇದೆ. ನಿಜವಾಗಿಯೂ ಗದ್ದೆಯಾಗಿದ್ದರೆ ಆ ದಾರಿ ಹಿಡಿಯಬೇಡಿ. ಗದ್ದೆಯ ಸ್ವಭಾವ ಕೆಡಿಸದೆ ನಡುವಿನ ಬೆಳೆ ಬೆಳೆಯಲು ಮತ್ತು ಹೊರಹುಣಿ (ಗದ್ದೆಯ ಹೊರಬದು) ಗಟ್ಟಿ ಮಾಡಲು ಅದೇ ಕಾನೂನು ಬಿಟ್ಟುಕೊಟ್ಟಿದೆ. ಸುಗ್ಗಿಯ ತರಕಾರಿಗೆ ಯಾರ ಅಪ್ಪಣೆಯೂ ಬೇಡ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕುಂಬ್ಡಾಜೆಯವರಿಗೆ ನಾನು ಹೇಳುವುದು ಉದ್ಧಟತನವಾದೀತು. ಏತಡ್ಕದ ಕಟ್ಟಗಳು (ತೋಡಿನ ನೀರು ತಡೆಯುವ ಒಡ್ಡುಗಳು) ನಿಮ್ಮ ಪಂಚಾಯತಿನವೇ. ಪಕ್ಕದ ಕಾಸರಗೋಡು ಬ್ಲಾಕು ಅಂತರ್ಜಲದ ಅಪಾಯದ ಪಟ್ಟಿಗೆ ಏರಿದ್ದೂ ಗೊತ್ತಿದೆ. ಡ್ರಿಪ್ಪಿನಲ್ಲೂ ಅಡಿಕೆ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ನಿಮ್ಮ ಮೇಲಿನ ತೋಟದ ಸಾವಿರ ಮರಕ್ಕೆ ದಿನಕ್ಕೆ ಹದಿನೆಂಟು ಸಾವಿರ ಲೀಟರ್. ಅದು ಬರುವ ಕೆರೆಗೋ ಬಾವಿಗೋ ಮಳೆಗಾಲದಲ್ಲಿ ನೀರು ಇಂಗಿಸುವುದು ಹುಣಿ ಕಟ್ಟಿ ನೀರು ನಿಲ್ಲಿಸಿದ ಈ ಗದ್ದೆ. ಅದನ್ನು ಎತ್ತರಿಸಿ ಏಳುನೂರು ಮರ ಇಟ್ಟರೆ ಇಂಗುವುದು ಕಡಿಮೆ, ಎತ್ತುವುದು ಹೆಚ್ಚು. ಏಪ್ರಿಲಿನಲ್ಲಿ ಎರಡೂ ತೋಟ ಒಟ್ಟಿಗೇ ಒಣಗುತ್ತವೆ.

ಹಾಗಾದರೆ ಆಳಿಲ್ಲದ ಗದ್ದೆಗೆ ಏನು ಮಾಡುವುದು? ಹಿಂದಿನಂತೆ ಮೂರು ಬೆಳೆ ತೆಗೆಯುವ ಆಸೆ ಅತ್ತೆಯವರಿಗಿದ್ದರೆ ಅದನ್ನು ಬಿಡಬೇಕು, ಅದರಲ್ಲಿ ಅವರ ಮಾತು ನಡೆಯದು. ಒಂದೇ ಏಣೆಲು ಬೆಳೆ ಸಾಕು. ಅದೂ ಬೇಗ ಬರುವ ತಳಿ. ಜ್ಯೋತಿ 110ರಿಂದ 125 ದಿನಕ್ಕೆ ಬರುತ್ತದೆ, ಕೆಂಪಕ್ಕಿ, ಕುಚ್ಚಿದರೆ ಗಂಜಿಗೆ ಹಿತ. ಮೇ ಕೊನೆಗೆ ಬೀಜ ಹಾಕಿದರೆ ಅಕ್ಟೋಬರ್ ಮೊದಲಿಗೆ ಗದ್ದೆ ತರಕಾರಿಗೆ ಬಿಡುವಾಗುತ್ತದೆ. ಊರ ತಳಿ ಬೇಕೆನಿಸಿದರೆ ನಿಮ್ಮ ಪಕ್ಕದ ಬೆಳ್ಳೂರು ಪಂಚಾಯತಿನ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೇಳೇರಿಯವರಿದ್ದಾರೆ. 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಂದು ಹುಣಿಯ ಬದಿಗೆ ಎರಡು ಸಾಲು ಕಯಮೆ ಎಂಬ ಊರ ತಳಿ ಹಾಕಿ ನೋಡಿ, ಅತ್ತೆಗೆ ಖುಷಿಯಾದೀತು. ಮನೆಯ ಅನ್ನಕ್ಕೆ ಮಾತ್ರ ಮೊದಲ ವರ್ಷ ಪರೀಕ್ಷೆ ಬೇಡ.

ಆಳಿನ ತೊಂದರೆ ಅರ್ಧ ಯಂತ್ರದಲ್ಲಿ ಹೋಗುತ್ತದೆ, ಆದರೆ ಒಂದೂಕಾಲು ಎಕರೆಗೆಂದು ಒಬ್ಬರು ಕರೆದರೆ ಯಂತ್ರ ಬರುವುದಿಲ್ಲ. ಬೈಲಿನ ಉಳಿದ ಗದ್ದೆಯವರು ಯಾರು? ಅವರದ್ದೂ ಪಾಳೇ ಇರಬೇಕು. ನಾಲ್ಕೈದು ಮನೆಯವರು ಪಾಡಶೇಖರ ಸಮಿತಿಯ (ಒಂದು ಬೈಲಿನ ಭತ್ತದ ಕೃಷಿಕರ ಕೂಟದ) ಹೆಸರಿನಲ್ಲಿ ಒಟ್ಟಾಗಿ, ಯಂತ್ರದಲ್ಲಿ ನೆಡಲು ಚಾಪೆಯಂತೆ ಬೆಳೆಸುವ ಚಾಪೆ ನೇಜಿ ಮಾಡಿಸಿ ಒಂದೇ ದಿನ ನಾಟಿ ಯಂತ್ರ ಇಳಿಸಿದರೆ ಆಳಿನ ಲೆಕ್ಕ ಮೂರನೇ ಒಂದಕ್ಕೆ ಇಳಿಯುತ್ತದೆ. ಕೊಯ್ಲಿನ ಯಂತ್ರಕ್ಕೂ ಅಷ್ಟೇ. ಇಡೀ ಬೈಲು ಒಟ್ಟಿಗೆ ಮಾಡಿದರೆ ಇನ್ನೊಂದು ಪ್ರಯೋಜನ ಹಂದಿ ಕಾಯುವುದಕ್ಕೆ. ಪಾಳು ನಡುವಿನ ಒಂಟಿ ಗದ್ದೆಯನ್ನು ಕಾಡುಹಂದಿ ಒಂದೇ ರಾತ್ರಿ ಮುಗಿಸುತ್ತದೆ. ಅಪಾಯಕಾರಿ ಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರ 2022ರಿಂದ ಪಂಚಾಯತು ಅಧ್ಯಕ್ಷರಿಗಿದೆ. ಅರ್ಜಿ ಅಲ್ಲಿ ಕೊಡಿ. ನವಿಲಿಗೆ ಮಾತ್ರ ಬಲೆ ಕಟ್ಟುವುದೇ ದಾರಿ.

ಅದೂ ಆಗದಿದ್ದರೆ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರ ಕೃಷಿ ಗುಂಪಿಗೆ ಗದ್ದೆ ಬಿಟ್ಟುಕೊಡಿ. ಜಾಗ ಹೋದೀತು ಎಂಬ ಹೆದರಿಕೆ ಯಜಮಾನರಿಗೆ ಇದ್ದೇ ಇರುತ್ತದೆ, ಗೇಣಿ ಕಾನೂನಿನ ನೆನಪು ಅಂಥದ್ದು. ಹೊಸ ಗೇಣಿ ಹುಟ್ಟುವುದನ್ನೇ ಕೇರಳದ ಭೂಸುಧಾರಣಾ ಕಾನೂನು ನಿಷೇಧಿಸಿದೆ. ಆದ್ದರಿಂದ ಬಾಯಿಮಾತಿನಲ್ಲಿ ಬಿಡದೆ, ಪಂಚಾಯತು ಮತ್ತು ಕೃಷಿಭವನವನ್ನು ನಡುವಿಟ್ಟು, ಒಂದು ಹಂಗಾಮಿನ ಬೇಸಾಯಕ್ಕೆ ಎಂದು ಬರೆದುಕೊಳ್ಳಿ. ನಿಮ್ಮ ಪಾಲನ್ನು ಭತ್ತವಾಗಿಯೇ ಕೇಳಿ, ದುಡ್ಡಾಗಿ ಬೇಡ.

ಈ ಗುಂಪಿನವರ ಕಡೆಯಿಂದಲೂ ಒಮ್ಮೆ ನೋಡಿ. ನಿಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದವರಿಗೆ ಕೂಲಿಯ ಒಂದು ಪಾಲು ಭತ್ತವಾಗಿ ಸಿಗುತ್ತಿತ್ತು, ಹುಣಿಯ ಸೊಪ್ಪು, ತೋಡಿನ ಮೀನು, ಹುಲ್ಲು ಕೂಡ. ಅವರ ಹತ್ತು ಸೆಂಟ್ಸಿನಲ್ಲಿ ಗದ್ದೆ ಇರಲಿಲ್ಲ, ನಿಮ್ಮ ಗದ್ದೆಯೇ ಅವರದ್ದೂ ಆಗಿತ್ತು. ಈಗ ಪಿಂಕ್ ಕಾರ್ಡಿನ ಅಕ್ಕಿ ಇದೆ, ಉದ್ಯೋಗ ಖಾತ್ರಿ ಇದೆ, ಬೀಡಿ ಕೆಲಸ ಕರಗುತ್ತಾ ಬಂದಿದೆ. ಅನ್ನಕ್ಕೆ ಕೊರತೆಯಿಲ್ಲ, ಪದಾರ್ಥಕ್ಕೆ ನಿಮಗಿಂತ ಹೆಚ್ಚು ಕೊರತೆ. ಗದ್ದೆ ತುಂಬಿಸಿದರೆ ನೀವು ಅಡಿಕೆಯಲ್ಲಿ ಗಳಿಸಿದ್ದರಿಂದ ತರಕಾರಿ ಕೊಳ್ಳಬಲ್ಲಿರಿ, ಅವರಿಗೆ ಆ ಅಡಿಕೆ ಇಲ್ಲ.

ಮೈದುನನಿಗೆ ದುಡ್ಡಿನ ಆಸೆ ತಪ್ಪಲ್ಲ, ಅವರ ವಯಸ್ಸಿಗೆ ಅದು ಇರಲೇಬೇಕು. ಆ ಹುಮ್ಮಸ್ಸನ್ನು ಮೇಲಿನ ಎರಡು ಎಕರೆಗೆ ತಿರುಗಿಸಿ. ಹಳೆಯ ತೋಟ ಎಂದಿದ್ದೀರಿ. ಫಸಲು ಕಡಿಮೆಯಾದ ಮರಗಳ ನಡುವೆ ಈಗಲೇ ಹೊಸ ಸಸಿ ಇಟ್ಟರೆ ಐದಾರು ವರ್ಷದಲ್ಲಿ ಹಳೆಯದನ್ನು ತೆಗೆಯಬಹುದು. ಗಟ್ಟಿ ಇರುವ ಐನೂರು ಮರಕ್ಕೆ ಕರಿಮೆಣಸು ಹಬ್ಬಿಸಿದರೆ, ಬಳ್ಳಿಗೆ ಅರ್ಧ ಕಿಲೋ ಒಣಮೆಣಸು ಸಿಕ್ಕಿದರೂ ಎರಡೂವರೆ ಕ್ವಿಂಟಲ್. ಕಿಲೋಗೆ ಆರುನೂರರ ಲೆಕ್ಕದಲ್ಲಿ ಒಂದೂವರೆ ಲಕ್ಷ. ಸೊರಗು ರೋಗಕ್ಕೆ ಬುಡದಲ್ಲಿ ನೀರು ನಿಲ್ಲದಂತೆ ನೋಡಬೇಕು, ಅಡಿಕೆಗೆ ಬಿಡುವ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣವನ್ನೇ ಬಳ್ಳಿಗೂ ಬಿಡಬೇಕು. ತುಂಬಿಸಿದ ಗದ್ದೆಯ ಅಡಿಕೆಯಿಂದ ಹತ್ತು ವರ್ಷ ಕಳೆದ ಮೇಲೆ ವರ್ಷಕ್ಕೆ ಬರಬಹುದಾದ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು, ಮಣ್ಣಿನ ಖರ್ಚಾಗಲಿ ಕೇಸಾಗಲಿ ಇಲ್ಲದೆ ನಾಲ್ಕೈದು ವರ್ಷದಲ್ಲಿ ಬರುತ್ತದೆ. ಬಾಳೆ ಬೇರೆ. ನಾನು ಹೇಳಿದ್ದನ್ನು ನಂಬಬೇಕೆಂದಿಲ್ಲ, ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ) ಒಮ್ಮೆ ಕರೆದುಕೊಂಡು ಹೋಗಿ ಅವರ ಮಿಶ್ರ ಬೆಳೆಯ ತಾಕು ತೋರಿಸಿ.

ಬಂಡವಾಳ ಬೇಕಾದರೆ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ತೆಗೆಯಿರಿ. ಬೆಳೆಸಾಲವನ್ನು ಹೊತ್ತಿಗೆ ಸರಿಯಾಗಿ ಕಟ್ಟಿದರೆ ಬಡ್ಡಿ ನಾಲ್ಕು ಪರ್ಸೆಂಟಿಗೆ ನಿಲ್ಲುತ್ತದೆ. ಚಿನ್ನ ಇಟ್ಟು ಮಣ್ಣು ತುಂಬಿಸುವುದಂತೂ ಬೇಡ.

ಈ ವರ್ಷಕ್ಕೆ ಇಷ್ಟು ಮಾಡಿ ನೋಡಿ. ಏಪ್ರಿಲಿನಲ್ಲೇ ಕೃಷಿಭವನಕ್ಕೆ ಹೋಗಿ ಬೀಜಕ್ಕೆ ಹೆಸರು ಕೊಡಿ, ಪಾಳು ಗದ್ದೆ ಮತ್ತೆ ಬೇಸಾಯಕ್ಕೆ ತರಲು ಆ ವರ್ಷ ಯಾವ ಸಹಾಯಧನ ಇದೆ ಎಂದು ಕೇಳಿ, ಭೂತೆರಿಗೆ ರಶೀದಿ ಕೈಯಲ್ಲಿರಲಿ. ಎರಡು ವರ್ಷದ ಪಾಳಿನಲ್ಲಿ ಕಳೆಯ ಬೇರು ಆಳ ಹೋಗಿರುತ್ತದೆ. ಬೇಸಗೆಯ ಮಳೆಗೆ ಒಂದು ಸಲ, ಜೂನಿನಲ್ಲಿ ನೀರು ನಿಲ್ಲಿಸಿ ಇನ್ನೊಂದು ಸಲ ಟಿಲ್ಲರ್ ಹೊಡೆಸದಿದ್ದರೆ ಮೊದಲ ಬೆಳೆ ಕಳೆಯ ಪಾಲಾಗುತ್ತದೆ. ಮೊದಲ ವರ್ಷ ಎಕರೆಗೆ ಎಂಟು ಕ್ವಿಂಟಲಿಗಿಂತ ಹೆಚ್ಚು ಲೆಕ್ಕ ಹಾಕಬೇಡಿ, ಅಷ್ಟು ಬಂದರೂ ನಿಮ್ಮ ಒಂದೂಕಾಲು ಎಕರೆಯಿಂದ ಮನೆಗೆ ಸಾಕು. ಅಕ್ಟೋಬರಿನಲ್ಲಿ ಹತ್ತು ಸೆಂಟ್ಸ್ ತರಕಾರಿಗೆ, ಉಳಿದ ತೇವದ ಮಜಲಿಗೆ ಉದ್ದು ಅಥವಾ ಅಲಸಂಡೆ. ಆ ಹತ್ತು ಸೆಂಟ್ಸಿನ ಖರ್ಚು ವೆಚ್ಚ, ಮಾರಾಟ ನಿಮ್ಮ ಕೈಯಲ್ಲೇ ಇರಲಿ ಎಂದು ಯಜಮಾನರಿಗೆ ಮೊದಲೇ ಹೇಳಿಬಿಡಿ.